ಮೇಷ್ಟ್ರ ಬಲಪಕ್ಕೆ

ಬೆಳಗ್ಗೆ ಎದ್ದು ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಬಿಟ್ಟೆ. ನಲ್ಲಿಯಲ್ಲಿ ನೀರು ಬಂತು, ಹಂಡೆ, ಕೊಡ, ಬಕೆಟ್ಟು ಎಲ್ಲ ತುಂಬಿಸಿದೆ. ಮೊಳಕೆ ಬಂದಿದ್ದ ಹುರುಳಿಕಾಳನ್ನು ತೊಳೆದು ಮುಚ್ಚಿಟ್ಟೆ. ಮನೆಯವರ ಡಬ್ಬಿಗೆ ಚಿತ್ರಾನ್ನ ಕಲಸಿದೆ. ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಒಂದು ದಿನ ರಜೆ ಬೇಕೆಂದೆ, ಎಂಟನೇ ತರಗತಿಗೆ ಬೇರೆ ಯಾರನ್ನಾದರೂ ಕಳಿಸಿ ಎಂದೂ ಹೇಳಿದೆ. ಅಕ್ಕನನ್ನು ಕರೆದುಕೊಂಡು ಹೊಳೆನರಸೀಪುರದ ಬಸ್‌ಸ್ಟ್ಯಾಂಡಿಗೆ ಹೋಗಿ ಹಾಸನದ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಎದೆಯ ಎಕ್ಸ್‌ರೇ ತೆಗೆಸಿದೆ. ಬರುವಾಗ ಆಲೂಗೆಡ್ಡೆ ತಂದೆ. ಸಂಜೆ ದೀಪ ಹಚ್ಚಿದೆ. ಇಷ್ಟೆಲ್ಲ ಕೆಲಸದ ನಡುವೆ ಇಡೀ ದಿನ ತಲೆಯಲ್ಲಿ ಇದ್ದವರು ಮಾತ್ರ ಪಿ.ಟಿ. ಮೇಷ್ಟ್ರೊಬ್ಬರೇ. ಅದಕ್ಕೇ ಅವರ ಬಗ್ಗೆ ಬರೆಯಲು ಕೂತಿದ್ದೇನೆ.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಅವರು ಮೇಷ್ಟ್ರ ಹೆಂಡತಿ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಮೇಷ್ಟ್ರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ನಿನ್ನೆ ಸಂಜೆ ಅಕ್ಕ ನಿಧಾನವಾಗಿ ನಡೆದು ಬಂದು ನಮ್ಮ ಜಗಲಿಯ ಮೇಲೆ ಕೂತರು. ಬಲಗಡೆ ಪಕ್ಕೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದರು. ಉಸಿರೆಳೆದರೆ ಚಳುಕ್ ಅಂತದೆ, ಉಳುಕಿರಬೇಕು, ಒಂದು ಸಲ ಕಾಲು ತಾಗಿಸು ಅಂದರು. ಹಿಂದೊಮ್ಮೆ ಮೇಷ್ಟ್ರು ಬಂದು ಕೂತಿದ್ದ ಅದೇ ಜಗಲಿ, ಅದೇ ಪಕ್ಕೆ, ಹೆಚ್ಚೂಕಡಿಮೆ ಅದೇ ಮಾತು. ಕೈಯಲ್ಲಿದ್ದ ಅಕ್ಕಿಯ ಮೊರ ಕೆಳಗಿಟ್ಟೆ. ಕಾಲು ತಾಗಿಸುವುದಿಲ್ಲ, ನಾಳೆ ಹಾಸನಕ್ಕೆ ಹೋಗೋಣ ಅಂದೆ. ಇಷ್ಟಕ್ಕೆಲ್ಲ ಹಾಸನವಾ ಅಂದರು. ಇಷ್ಟಕ್ಕೇ ಅಂದೆ.

ಕಾಲಿನ ವಿಷಯ ಹೇಳಿಬಿಡುತ್ತೇನೆ. ನಾನು ಕಾಲು ಮುಂದಾಗಿ ಹುಟ್ಟಿದವಳು. ನನ್ನ ತವರು ಸಾಲಗಾಮೆ ಕಡೆ. ಅಲ್ಲಿ ಹಾಗೆ ಹುಟ್ಟಿದ ಮಕ್ಕಳ ಕಾಲಿಗೆ ಒಂದು ಗುಣ ಇದೆ ಅನ್ನುತ್ತಾರೆ. ಬೆನ್ನೋ ಸೊಂಟವೋ ಪಕ್ಕೆಯೋ ಉಳುಕಿದವರು ಬೆಳಗ್ಗೆ ಮುಖ ತೊಳೆಯುವ ಮುಂಚೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ಕೂರಬೇಕು. ಕಾಲು ಮುಂದಾಗಿ ಹುಟ್ಟಿದವರು ಮಾತಾಡದೆ ಹೆಬ್ಬೆರಳಿನಿಂದ ನೋವಿರುವ ಕಡೆ ಮೂರು ಸಲ ತಾಗಿಸಬೇಕು. ಹೀಗೆ ಮೂರು ಬೆಳಗ್ಗೆ. ಕೊಡುವುದು ತೆಗೆದುಕೊಳ್ಳುವುದು ಏನೂ ಇಲ್ಲ. ನಾನಿನ್ನೂ ಅಂಬೆಗಾಲಿಡುತ್ತಿದ್ದಾಗಲೇ ಅಜ್ಜಿ ನನ್ನ ಕಾಲು ಹಿಡಿದು ಊರವರ ಬೆನ್ನಿಗೆ ಮುಟ್ಟಿಸುತ್ತಿದ್ದರಂತೆ. ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದ ಮೇಲೆ ಅತ್ತೆಯ ಬಾಯಿಂದ ಸುದ್ದಿ ಬೀದಿಗೆಲ್ಲ ಹರಡಿತು. ಶಾಲೆಯಲ್ಲಿ ನಾನು ಜೀವಶಾಸ್ತ್ರ ಹೇಳಿಕೊಡುವ ಟೀಚರು. ಬೆಳಗ್ಗೆ ಜಗಲಿಯಲ್ಲಿ ಕಾಲು, ಹತ್ತು ಗಂಟೆ ಮೇಲೆ ಬೋರ್ಡಿನಲ್ಲಿ ಸೀಮೆಸುಣ್ಣ. ಇವೆರಡೂ ಒಂದಕ್ಕೊಂದು ಸಿಗದ ಹಾಗೆ ಇಷ್ಟು ವರ್ಷ ಹೇಗೆ ನಿಭಾಯಿಸಿದೆನೋ. ತಾಗಿಸಿದರೆ ಏನು ಹೋಗುತ್ತೆ, ಬಂದವರಿಗೆ ಸಮಾಧಾನ, ಅಷ್ಟೇ ನನ್ನ ಲೆಕ್ಕ.

ಮೇಷ್ಟ್ರು ಅಂದರೆ ಮೊದಲು ಕಣ್ಣ ಮುಂದೆ ಬರುವುದು ಅವರ ಬೂಟು. ಬಿಳಿ ಕ್ಯಾನ್ವಾಸ್ ಬೂಟು. ನನ್ನ ತರಗತಿಯಲ್ಲಿ ಉಳಿದ ತುಂಡು ಸೀಮೆಸುಣ್ಣವನ್ನೆಲ್ಲ ಬಾಚಿಕೊಂಡು ಹೋಗಿ ನೀರಲ್ಲಿ ಅದ್ದಿ ಅದಕ್ಕೆ ಬಳಿಯುತ್ತಿದ್ದರು. ನಿಮ್ಮ ವಿದ್ಯೆಯೆಲ್ಲ ನನ್ನ ಕಾಲ್ಗೆ ಬಂತು ಟೀಚರಮ್ಮ ಅಂತ ಹೇಳಿ ನಗುವರು. ಆಮೇಲೆ ನೆನಪಾಗುವುದು ವಿಷಲ್. ಕಪ್ಪು ದಾರದಲ್ಲಿ ಕಟ್ಟಿ ಎದೆ ಮೇಲೆ ಬಿಟ್ಟುಕೊಂಡಿರುವರು. ಅದನ್ನು ಊದಿದರೆ ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತಿ ನೋಡುವರು ಅನ್ನುವುದು ಶಾಲೆಯ ಪ್ರತೀತಿ. ಒಂದು ಸಲ ಹೊರಟುಬಿಟ್ಟಿದ್ದ ಬಸ್ಸನ್ನು ಊದಿ ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ. ಡ್ರೈವರು ಪೊಲೀಸ್ ಅಂದುಕೊಂಡು ಇಳಿದು ಬಂದಿದ್ದ.

ಎತ್ತರದ ಆಳು. ಎದೆ ಅಗಲ. ಆ ಎದೆಯ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಹೊಸದಾಗಿ ಬಂದ ಮೇಷ್ಟ್ರುಗಳನ್ನು ಕರೆದು, ಉಸಿರು ಕಟ್ಟಿ ನಿಂತ್ಕಳಿ ನೋಡುವಾ ಅಂತ ಪಂದ್ಯ ಹಾಕುವರು, ಗೆಲ್ಲುವರು, ಗೆದ್ದಮೇಲೆ ಅವರ ಡಬ್ಬಿಯಿಂದ ಒಂದು ಚಪಾತಿ ಎತ್ತಿಕೊಳ್ಳುವರು. ಕೋಪ ಮೂಗಿನ ತುದಿಯಲ್ಲಿ. ಪಾಠ ಯೋಜನೆ ಬರೆಯುತ್ತಿದ್ದದ್ದು ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ, ಅದೂ ನನ್ನ ಕೈಯಲ್ಲಿ. ಹುಟ್ಟಿದ್ದು ಅರಕಲಗೂಡಿನ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ. ಸಣ್ಣವರಿದ್ದಾಗ ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಪಕ್ಕದಲ್ಲೇ ಮಲಗುತ್ತಿದ್ದರಂತೆ. ಒಂದು ಬೀಡಿ ಸೇದಿದವರಲ್ಲ. ಆ ವಾಸ್ನೆ ಹುಟ್ಟುತ್ಲೇ ಸಾಕಾಗೋಯ್ತು ಕಣಮ್ಮ ಅನ್ನುತ್ತಿದ್ದರು.

ಅವರ ಜೀವವೆಲ್ಲ ಹೆಣ್ಣುಮಕ್ಕಳ ಕಬಡ್ಡಿ ತಂಡದಲ್ಲಿತ್ತು. ಮಕ್ಕಳು ಕಬಡ್ಡಿ ಕಬಡ್ಡಿ ಅನ್ನುವಾಗ ಅವರ ಬಾಯಿ ಮುಂದೆ ಅಂಗೈ ಹಿಡಿದು ಪಕ್ಕದಲ್ಲೇ ಓಡುವರು. ಉಸಿರು ಕದ್ದರೆ ಅಂಗೈಗೆ ಗೊತ್ತಾಗುತ್ತಂತೆ. ಒಂದು ಸಲ ಒಬ್ಬ ಹುಡುಗಿಯ ಅಪ್ಪ ಬಂದು, ನಮ್ಮ ಹುಡುಗಿ ಗಂಡುಬೀರಿಯಾಗುವುದು ಬೇಡ, ತಂಡದಿಂದ ಬಿಡಿ ಅಂತ ಜಗಳಕ್ಕೆ ನಿಂತ. ಮೇಷ್ಟ್ರು ಜಗಳವಾಡಲಿಲ್ಲ. ಈ ಗೆರೆಯಿಂದ ಆ ಗೆರೆಗೆ ಒಂದೇ ಉಸಿರಲ್ಲಿ ಕಬಡ್ಡಿ ಅಂದ್ಕೊಂಡು ಹೋಗಿ ಬನ್ನಿ, ಬಂದರೆ ಬಿಡುತ್ತೇನೆ ಅಂದರು. ಆತ ಅರ್ಧಕ್ಕೇ ಕೆಮ್ಮುತ್ತಾ ಕೂತುಬಿಟ್ಟ. ಮಗಳು ಎರಡು ಸಲ ಹೋಗಿ ಬಂದಳು. ಆಮೇಲೆ ಆತನೇ ಮಕ್ಕಳಿಗೆಲ್ಲ ಬಾಳೆಹಣ್ಣು ತರುತ್ತಿದ್ದ. ಆಡಿ ಸುಸ್ತಾಗಿ ಕುಸಿದು ಕೂರುವ ಮಕ್ಕಳಿಗೆ ಮೇಷ್ಟ್ರದು ಒಂದೇ ಮಾತು: "ಉಸುರಿರೋಗಂಟ ಓಡು. ಆಮ್ಯಾಕೆ ನಡಿ. ಕೂರ್ಬ್ಯಾಡ."

ನನ್ನ ಪಾಠದ ಶ್ವಾಸಕೋಶದ ಪಟವನ್ನು ಅವರು ಆರೋಗ್ಯ ಪಾಠಕ್ಕೆ ಎರವಲು ಒಯ್ಯುತ್ತಿದ್ದರು. ಒಂದು ಸಲ ಅದನ್ನು ತಲೆಕೆಳಗಾಗಿ ನೇತುಹಾಕಿ, ನೋಡ್ರಪ್ಪ ತ್ವಾಟಕ್ಕೆ ಡ್ರಿಪ್ ಪೈಪ್ ಎಳ್ದಂಗಿದೆ ಅಂತ ವಿವರಿಸುತ್ತಿದ್ದರು. ನಾನು ಹೋಗಿ ಸರಿ ಮಾಡಿದೆ. ಮಕ್ಕಳ ಎದುರೇ ನನ್ನನ್ನು ಪ್ರಶ್ನೆ ಕೇಳಿದರು. ಶ್ವಾಸಕೋಶದ ಸುತ್ತ ಎರಡು ಗೆರೆ ಯಾಕೆ ಎಳೆದಿದ್ದಾರೆ? ಅದು ಪ್ಲೂರಾ, ಎರಡು ಪದರದ ಪೊರೆ, ನಡುವೆ ತುಸು ದ್ರವ ಇರುತ್ತೆ ಅಂದೆ. ನೀರ್ಯಾಕೆ ಅಲ್ಲಿ? ಉಸಿರಾಡುವಾಗ ಪೊರೆಗೆ ಪೊರೆ ಉಜ್ಜಬಾರದು, ಅದಕ್ಕೆ. ಗಾಡಿ ಕೀಲಿಗೆ ಎಣ್ಣೆ ಬುಟ್ಟಂಗೆ ಅನ್ನಿ ಅಂದರು. ಅಷ್ಟು ಚೆನ್ನಾಗಿ ನನಗೂ ಹೇಳಲು ಬಂದಿರಲಿಲ್ಲ. ಮರುದಿನದಿಂದ ನನ್ನ ತರಗತಿಯಲ್ಲಿ ಗಾಡಿಯ ಕೀಲನ್ನೇ ಉದಾಹರಣೆ ಕೊಡತೊಡಗಿದೆ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ನನಗೆ ತಿಳಿದಿರಲಿಲ್ಲ ಎಂದು ಯಾರೂ ಅಂದುಕೊಳ್ಳಬಾರದು.

ಮೇಷ್ಟ್ರು ನಿವೃತ್ತರಾಗುವ ಕೆಲವು ವರ್ಷ ಮುಂಚೆ ಜಿಲ್ಲಾ ಮಟ್ಟದ ಕಬಡ್ಡಿ ಚನ್ನರಾಯಪಟ್ಟಣದಲ್ಲಿ ಆಯಿತು. ಎರಡು ದಿನವೂ ಬಿಡದೆ ಜಡಿಮಳೆ. ಮೈದಾನದ ಪಕ್ಕ ತಲೆಗೆ ಒಂದು ಟವಲ್ಲು ಹಾಕಿಕೊಂಡು ಮೇಷ್ಟ್ರು ನೆನೆಯುತ್ತಲೇ ನಿಂತಿದ್ದರಂತೆ. ನಮ್ಮ ಮಕ್ಕಳು ಸೋತರು. ಒದ್ದೆಯಾದ ದೊಡ್ಡ ಮ್ಯಾಟುಗಳನ್ನು ಲಾರಿಗೆ ಎತ್ತಿಹಾಕಲು ಇವರೇ ಹೆಗಲು ಕೊಟ್ಟರು. ವಾಪಸು ಬಂದಾಗ ನೆಗಡಿ, ಕೆಮ್ಮು, ಮೈ ಬಿಸಿ. ಅಂಗಡಿಯಿಂದ ಜ್ವರದ ಮಾತ್ರೆ ತಂದು ನುಂಗಿದರು. ಎರಡು ದಿನ ಕಳೆದ ಮೇಲೆ ಬೆಳಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದಾಗ ಬಂದು ನಿಂತರು. ಪಕ್ಕೆಯ ಮೇಲೆ ಕೈ. ಉಸಿರನ್ನು ಸಣ್ಣಸಣ್ಣದಾಗಿ ಕಡಿದು ಕಡಿದು ಎಳೆಯುತ್ತಿದ್ದರು.

"ಮ್ಯಾಟ್ ಎತ್ವಾಗ ಉಳುಕ್ಬುಟ್ಟದೆ ಟೀಚರಮ್ಮ. ನಮ್ಮೋಳು ನಿಮ್ತಾವ ಓಗಿ ಅಂದ್ಲು. ಒಸಿ ಕಾಲು ತಾಗ್ಸಿ."

ನನಗೆ ಮುಜುಗರವಾಯಿತು. ಬೀದಿಯವರ ಬೆನ್ನು ಬೇರೆ, ಜೊತೆಯಲ್ಲಿ ಕೆಲಸ ಮಾಡುವ ಹಿರಿಯರ ಬೆನ್ನು ಬೇರೆ. ಅವರು ಆಗಲೇ ಬಾಗಿಲಿಗೆ ಬೆನ್ನು ಕೊಟ್ಟು ಕೂತಾಗಿತ್ತು. ಶಾಲೆ ಮೇಷ್ಟ್ರು ಅನ್ಕಬ್ಯಾಡಿ, ಮೂಟೆ ಅನ್ಕಳಿ ಅಂದರು. ಮೂರು ಸಲ ತಾಗಿಸಿದೆ. ಕೂಡಲೇ ಬಗ್ಗಿ ಆ ಜಾಗವನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಯಾರಿಗಾದರೂ ಕಾಲು ತಾಕಿದರೆ ನಾವು ಮಾಡುವುದೇ ಹಾಗೆ.

ಎರಡನೆಯ ಬೆಳಗ್ಗೆ ನನ್ನ ಹೆಬ್ಬೆರಳಿಗೆ ಅವರ ಬೆನ್ನು ಸುಟ್ಟಿತು. ಷರ್ಟಿನ ಮೇಲಿಂದಲೇ. ಈಗಲೂ ಆ ಬಿಸಿ ಬೆರಳಿನಲ್ಲಿ ಹಾಗೇ ಇದೆ. ಮೇಷ್ಟ್ರೇ ಜ್ವರ ಇದೆ, ಡಾಕ್ಟರ ಹತ್ತಿರ ಹೋಗಿ ಅಂದೆ. ಅಂದೆ ಅಷ್ಟೇ. ಹೇಳುವ ರೀತಿಯಲ್ಲಿ ಹೇಳಲಿಲ್ಲ. ನೋವು ನಿನ್ನೆಗಿಂತ ಎಷ್ಟೋ ವಾಸಿ ಅಂತ ಅವರು ಹೇಳಿದ ಮೇಲೆ, ಒಳಗೆಲ್ಲೋ ನನಗೆ ಹಿತವೂ ಆಯಿತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಒಳಗೆ ಹೋದೆ.

ಮೂರನೆಯ ದಿನ ಅವರ ಮುಖ ಕಳೆಯಾಗಿತ್ತು. ನೋವು ಪೂರ್ತಿ ಹೋಗಿತ್ತು. ಒಂದು ಚೀಲ ಅವರೆಕಾಯಿ ತಂದಿದ್ದರು. ಕೊಡುವ ಹಾಗಿಲ್ಲ ಅಂದರೆ, ಇದು ಕಾಲ್ಗಲ್ಲ, ನಿಮ್ಮತ್ತೆಗೆ ಅಂದರು. ನಮ್ಮ ಜಗಲಿಗೆ ಇರುವುದು ಮೂರೇ ಮೆಟ್ಟಿಲು. ಎರಡನೆಯದರಲ್ಲಿ ನಿಂತು ಸುಧಾರಿಸಿಕೊಂಡರು. ತಿಂಡಿ ತಿನ್ನದೆ ಬಂದಿದ್ದೀರಿ, ಅದಕ್ಕೇ ಅಂತ ನಾನೇ ಕಾರಣ ಕೊಟ್ಟೆ. ಅವತ್ತು ಸ್ಟಾಫ್ ರೂಮಿನಲ್ಲಿ ನನ್ನ ಕಾಲಿನದೇ ಮಾತು. ಗಣಿತದ ಮೇಷ್ಟ್ರು, ಇನ್ನು ಮೇಲೆ ಟೀಚರಮ್ಮನ ಕಾಲಿಗೆ ಬೀಗ ಹಾಕಿಡಬೇಕು ಅಂತ ತಮಾಷೆ ಮಾಡಿದರು. ನಾನೂ ನಕ್ಕೆ.

ಮರುದಿನ ಬೆಳಗಿನ ಪ್ರಾರ್ಥನೆ. ಮಕ್ಕಳು ಸಾಲಾಗಿ ನಿಂತಿದ್ದಾರೆ. ಮೇಷ್ಟ್ರು ವಿಷಲ್ ಬಾಯಿಗಿಟ್ಟು ಊದಿದರು. ಬರೀ ಗಾಳಿ ಬಂತು. ಮತ್ತೆ ಊದಿದರು. ವಿಷಲಿನ ಒಳಗಿನ ಗುಂಡು ಒಂದು ಸಲ ಕಟಕ್ ಅಂದು ಸುಮ್ಮನಾಯಿತು. ಮುಂದಿನ ಸಾಲಿನ ಮಕ್ಕಳು ನಕ್ಕರು. ಅವರ ತುಟಿ ಬೂದಿ ಬಣ್ಣಕ್ಕೆ ತಿರುಗಿದ್ದನ್ನು ನಾನು ಮೆಟ್ಟಿಲ ಮೇಲಿನಿಂದ ಕಂಡೆ. ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಅವರದು ಮೋಟಾರ್ ವೈಂಡಿಂಗ್ ಅಂಗಡಿ, ಒಂದು ಹಳೇ ಓಮ್ನಿ ಇದೆ. ಮೋಟಾರುಗಳನ್ನು ಕೆಳಗಿಳಿಸಿ ಮೇಷ್ಟ್ರನ್ನು ಕೂರಿಸಿಕೊಂಡು ಹಾಸನಕ್ಕೆ ಹೋದೆವು. ಅಕ್ಕ ಅರಕಲಗೂಡಿನಲ್ಲಿ ತವರಿನ ಸೀಮಂತಕ್ಕೆ ಹೋಗಿದ್ದವರು ಅಲ್ಲಿಂದ ನೇರ ಬಂದರು.

ಎಕ್ಸ್‌ರೇಯಲ್ಲಿ ಎಡಗಡೆ ಕಪ್ಪಗೆ, ಇರಬೇಕಾದ ಹಾಗೆ ಇತ್ತು. ಬಲಗಡೆ ಅರ್ಧಕ್ಕಿಂತ ಮೇಲಿನವರೆಗೆ ಬಿಳಿ. ನ್ಯುಮೋನಿಯಾ ಆಗಿ, ಪೊರೆಯ ನಡುವೆ ನೀರು ತುಂಬಿ, ಅದು ಕೀವಾಗುತ್ತಿದೆ ಅಂದರು. ಬೆನ್ನಿನಲ್ಲಿ ಸೂಜಿ ಹಾಕಿ ತೆಗೆದದ್ದು ತೆಳ್ಳಗೆ ಬರಲಿಲ್ಲ, ಗಟ್ಟಿ ಗಂಜಿಯ ಹಾಗೆ ಬಂತು. ನಾನು ಕಾಲು ತಾಗಿಸಿದ್ದ ಜಾಗದಿಂದ ನಾಲ್ಕು ಬೆರಳು ಪಕ್ಕದಲ್ಲಿ ಕೊಳವೆ ಇಳಿಸಿ, ಅದರ ತುದಿಯನ್ನು ನೆಲದ ಮೇಲಿನ ಬಾಟಲಿಗೆ ಬಿಟ್ಟರು. ಅವರು ಕೆಮ್ಮಿದಾಗೆಲ್ಲ ಬಾಟಲಿಯ ನೀರಿನಲ್ಲಿ ಗುಳ್ಳೆ ಏಳುತ್ತಿತ್ತು.

ನೋವು ಯಾವಾಗ ನಿಂತಿತು ಅಂತ ಡಾಕ್ಟರಮ್ಮ ಕೇಳಿದರು. ವಯಸ್ಸಿನಲ್ಲಿ ಸಣ್ಣವರು, ಸಿಡುಕದೆ ಬಿಡಿಸಿ ಹೇಳುವವರು. ಮೇಷ್ಟ್ರು ನನ್ನ ಕಡೆ ನೋಡಿದರು. ನಾನೇ ಹೇಳಿದೆ, ನಿನ್ನೆ ಬೆಳಗ್ಗೆ ಅಂತ. ಆಕೆ ಹೇಳಿದ ಮಾತು ಒಂದಕ್ಷರ ಬಿಡದೆ ನೆನಪಿದೆ.

"ಮೊದಲು ಪೊರೆಗೆ ಪೊರೆ ಉಜ್ಜುತ್ತಿತ್ತು, ಅದಕ್ಕೆ ನೋವು. ಆಮೇಲೆ ನಡುವೆ ನೀರು ತುಂಬಿ ಎರಡೂ ದೂರವಾದವು, ನೋವು ಹೋಯಿತು. ವಾಸಿಯಾಯಿತು ಅಂದುಕೊಂಡಿರಿ, ಅಲ್ಲವಾ? ಜೋರಾದದ್ದೇ ಆವಾಗ."

ಗಾಡಿಯ ಕೀಲು. ಇಷ್ಟು ವರ್ಷ ಬೋರ್ಡಿನ ಮೇಲೆ ನಾನೇ ಎಳೆದ ಎರಡು ಗೆರೆ. ಮೇಷ್ಟ್ರಿಗೂ ಅದೇ ನೆನಪಾಗಿರಬೇಕು. ಕಣ್ಣು ಮುಚ್ಚಿಕೊಂಡು, ಎಣ್ಣೆ ಒಸಿ ಜಾಸ್ತಿ ಆಯ್ತು ಅಂದರು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಎರಡು ದಿನ ಮುಂಚೆ ಬಂದಿದ್ದರೆ ಸೂಜಿಯಲ್ಲೇ ಮುಗಿಯುತ್ತಿತ್ತೇನೋ ಅಂದು ಅವರು ಮುಂದಿನ ಹಾಸಿಗೆಗೆ ಹೋದರು. ಅಕ್ಕ ಆಗ ಔಷಧಿ ತರಲು ಕೆಳಗೆ ಹೋಗಿದ್ದರು. ಮೇಷ್ಟ್ರು ನನ್ನನ್ನು ಹತ್ತಿರ ಕರೆದರು.

"ಇದ ನಮ್ಮೋಳ್ಗೆ ಏಳ್ಬ್ಯಾಡಿ ಟೀಚರಮ್ಮ. ನೊಂದ್ಕತ್ತಾಳೆ. ಆಸ್ಪತ್ರೆ ಬ್ಯಾಡ ಅಂದೋನು ನಾನೇ, ಅಂಗೇ ಇರ್ಲಿ."

ನಾನು ಹೂಂ ಅಂದೆ. ಆ ಹೂಂ ಎಷ್ಟು ಅನುಕೂಲದ್ದಾಗಿತ್ತೆಂದು ನನಗೆ ಗೊತ್ತು.

ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಶ್ವಾಸಕೋಶದ ಸುತ್ತ ದಪ್ಪ ಸಿಪ್ಪೆ ಕಟ್ಟಿಕೊಂಡಿತು, ಆಪರೇಷನ್ ಮಾಡಿ ಬಿಡಿಸಿದರೂ ಅದು ಮೊದಲಿನಂತೆ ಹಿಗ್ಗಲಿಲ್ಲ. ಉಸಿರಿನ ವ್ಯಾಯಾಮಕ್ಕೆ ಅಂತ ಮೂರು ಗುಂಡುಗಳಿರುವ ಒಂದು ಪ್ಲಾಸ್ಟಿಕ್ ಸಾಮಾನು ಕೊಟ್ಟಿದ್ದರು. ಕೊಳವೆ ಕಚ್ಚಿ ಉಸಿರೆಳೆದರೆ ಗುಂಡು ಮೇಲೇಳಬೇಕು. ಮೇಷ್ಟ್ರು ಎಳೆದರೆ ಒಂದೇ ಒಂದು ಗುಂಡು ಅರ್ಧ ಎದ್ದು ಬೀಳುತ್ತಿತ್ತು. ಅವರನ್ನು ನೋಡಲು ಹೋಗಿದ್ದ ಕಬಡ್ಡಿ ಹುಡುಗಿಯರಲ್ಲಿ ಒಬ್ಬಳು ಒಂದೇ ಎಳೆತಕ್ಕೆ ಮೂರನ್ನೂ ಎತ್ತಿಬಿಟ್ಟು, ಆಮೇಲೆ ತಪ್ಪು ಮಾಡಿದವಳಂತೆ ಅದನ್ನು ಕೆಳಗಿಟ್ಟಳು. ಮೇಷ್ಟ್ರು ಚಪ್ಪಾಳೆ ಹೊಡೆದರು.

ಶಾಲೆಗೆ ಮರಳಿದ ಮೇಲೂ ಅದೇ ಚಪ್ಪಾಳೆ. ವಿಷಲ್ ಎದೆಯ ಮೇಲೆ ಇರುತ್ತಿತ್ತು, ಬಾಯಿಗೆ ಹೋಗುತ್ತಿರಲಿಲ್ಲ. ಮೈದಾನದ ಕಲ್ಲಿನ ರೋಲರ್ ಮೇಲೆ ಕೂತು ಆಡಿಸುವರು. ಕೂರಬೇಡ ಅನ್ನುತ್ತಿದ್ದವರು ಕೂತಿದ್ದಾರೆ ಅಂತ ಮಕ್ಕಳು ಕೆಣಕಿದರೆ, ನಾನು ಕೂತಿಲ್ಲ ಕಣ್ರುಲಾ, ರೋಲರ್ ಉಳ್ಳೋಗ್ದಂಗೆ ಇಡ್ದಿವ್ನಿ ಅನ್ನುವರು. ಸ್ಟಾಫ್ ರೂಮು ಮಹಡಿಯ ಮೇಲೆ. ಮೆಟ್ಟಿಲ ತಿರುವಿನಲ್ಲಿ ಒಂದು ನೋಟಿಸ್ ಬೋರ್ಡು ಇತ್ತು. ಅಲ್ಲಿ ಹಳೇ ಸುತ್ತೋಲೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಮೇಷ್ಟ್ರು ದಿನವೂ ಅದರ ಮುಂದೆ ನಿಂತು ಓದುವರು. ಹಿಂದೆ ಬರುತ್ತಿದ್ದ ನಾನೂ ನಿಂತು ಓದುವೆ. ಅವರ ಉಸಿರು ಹದಕ್ಕೆ ಬರುವ ತನಕ ಇಬ್ಬರೂ ಅದೇ ಹಳೇ ಸುತ್ತೋಲೆಯನ್ನು ಓದುವೆವು. ಒಂದು ದಿನವೂ ಅವರು ಕಾಲು ತಾಗಿಸಿದ ಮಾತು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಊರಿನಲ್ಲಿ ಮಾತ್ರ ಅವರು ಬೇರೆಯೇ ಕಥೆ ಹೇಳಿಕೊಂಡು ಬಂದಿದ್ದರು. ಉಳುಕನ್ನು ಟೀಚರಮ್ಮ ತೆಗೆದರು, ಜ್ವರ ತನ್ನ ಪಾಡಿಗೆ ಬೇರೆ ಬಂತು ಅಂತ. ನನ್ನ ಮರ್ಯಾದೆ ಉಳಿಯಲಿ ಅಂತ. ಅದರಿಂದ ಜಗಲಿಗೆ ಬರುವವರು ಕಡಿಮೆಯಾಗಲಿಲ್ಲ. ಕಾಲಲ್ಲಿ ಆಣಿ ಆಗಿದೆ, ಇವತ್ತು ಮಂಗಳವಾರ, ಹೀಗೆ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ತಪ್ಪಿಸಿಕೊಳ್ಳಲಾಗದೆ ಹೋದಾಗ ಮೊದಲು ಹಣೆ ಮುಟ್ಟಿ ನೋಡಿ, ಬಿಸಿಯಿದ್ದರೆ ಆಸ್ಪತ್ರೆಗೆ ಅಟ್ಟುತ್ತಿದ್ದೆ. ಕಾಲಿನಲ್ಲಿ ಏನೂ ಇಲ್ಲ ಅಂತ ಬಾಯಿಬಿಟ್ಟು ಹೇಳಲು ಮಾತ್ರ ಆಗಲಿಲ್ಲ. ಹೇಳಿದರೆ ಮೇಷ್ಟ್ರ ಮಾತು ಸುಳ್ಳಾಗುತ್ತೆ, ಅಕ್ಕನಿಗೆ ಗೊತ್ತಾಗುತ್ತೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನಿವೃತ್ತಿಯಾದ ಮೇಲೆ ಹೊಳೆಯ ಕಡೆ ನಿಧಾನವಾಗಿ ವಾಕಿಂಗ್ ಹೋಗುತ್ತಿದ್ದರು. ಹೋದ ಚಳಿಗಾಲದಲ್ಲಿ ಮತ್ತೆ ಜ್ವರ. ಈ ಸಲ ಅಕ್ಕ ಒಂದು ಗಂಟೆಯೂ ತಡಮಾಡಲಿಲ್ಲ, ಅವತ್ತೇ ಹಾಸನಕ್ಕೆ ಕರೆದೊಯ್ದರು. ನ್ಯುಮೋನಿಯಾ ಈ ಸಲ ಎಡಗಡೆಗೆ. ಬಲಗಡೆಯದು ಗಟ್ಟಿಯಾಗಿದ್ದಿದ್ದರೆ ತಡೆದುಕೊಳ್ಳುತ್ತಿದ್ದರು ಅಂತ ಅಲ್ಲಿನವರು ಯಾರೋ ಹೇಳಿದ್ದನ್ನು ಅವರ ಭಾವಮೈದ ಕಾರ್ಯದ ದಿನ ಪಂಕ್ತಿಯಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದ. ನಾನು ಬಡಿಸುತ್ತಿದ್ದೆ. ಪಾಯಸದ ಸೌಟು ಹಿಡಿದುಕೊಂಡು ಆ ಸಾಲನ್ನು ದಾಟುವುದು ನನಗೆ ಬಹಳ ಕಷ್ಟವಾಯಿತು.

ಇವತ್ತಿಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಅಕ್ಕನ ಫಿಲ್ಮನ್ನು ನಾನೇ ಬೆಳಕಿಗೆ ಹಿಡಿದು ನೋಡಿದೆ. ಎರಡೂ ಕಡೆ ಕಪ್ಪು. ಎಲ್ಲೂ ಬಿಳಿ ಇಲ್ಲ. ಡಾಕ್ಟರು ಒತ್ತಿ ನೋಡಿ, ಭಾರ ಏನಾದರೂ ಎತ್ತಿದಿರಾ ಅಂದರು. ಅಕ್ಕ ಸಂಕೋಚದಿಂದ ಹೇಳಿದರು, ಅಟ್ಟದ ಮೇಲಿದ್ದ ಇವರ ಟ್ರಂಕನ್ನು ಒಬ್ಬಳೇ ಇಳಿಸಿದೆ ಅಂತ. ಸ್ನಾಯು ಹಿಡಿದುಕೊಂಡಿದೆ, ನಾಲ್ಕು ದಿನ ಭಾರ ಎತ್ತಬೇಡಿ ಅಂದು ಮುಲಾಮು ಬರೆದುಕೊಟ್ಟರು. ಅಂದರೆ ಇದು ನಿಜವಾಗಿಯೂ ಉಳುಕು. ನನಗೆ ಬೆಂಚಿನ ಮೇಲೆ ಕೂತು ಅಳು ಬಂತು. ಅಕ್ಕ ನನ್ನ ಕೈ ಹಿಡಿದುಕೊಂಡು, ಏನೂ ಇಲ್ಲ ಅಂದರಲ್ಲ, ಯಾಕೆ ಅಳ್ತೀಯ ಅಂತ ನನ್ನನ್ನೇ ಸಮಾಧಾನ ಮಾಡಿದರು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಅವರನ್ನು ಕೂರಿಸಿದೆ. ಫಿಲ್ಮಿನ ಕವರು ನನ್ನ ತೊಡೆಯ ಮೇಲಿತ್ತು. ಊರು ಇನ್ನೂ ದೂರವಿತ್ತು. ಈಗ ಹೇಳದಿದ್ದರೆ ಆಗುವುದಿಲ್ಲ ಅನ್ನಿಸಿತು. ಅಕ್ಕ, ಅವತ್ತು ಮೇಷ್ಟ್ರ ನೋವು ಹೋದದ್ದು ನನ್ನ ಕಾಲಿನಿಂದ ಅಲ್ಲ ಅಂದೆ. ನೀರು ತುಂಬಿತ್ತು, ಅದಕ್ಕೆ ಹೋಯಿತು. ಎರಡನೇ ದಿನ ಬೆನ್ನು ಸುಡುತ್ತಿತ್ತು, ನನಗೆ ಗೊತ್ತಾಗಿತ್ತು, ಆದರೂ ತಾಗಿಸಿದೆ.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡೇ ಮಾತಾಡಿದರು.

"ಗೊತ್ತು ಕಣವ್ವ. ಆ ಡಾಕ್ಟ್ರಮ್ಮ ಸಂಜಿಕೆ ನಂಗೂ ಏಳಿದ್ರು."

ಅಕ್ಕ ಮತ್ತೆ ಹೇಳಿದರು.

"ಅವ್ರು ಮೊದಲ್ನೇ ದಿನವೇ ಆಸ್ಪತ್ರೆಗೋಗ್ತೀನಿ ಅಂದಿದ್ರು. ನಾನೇ ಬ್ಯಾಡ ಅಂದೆ. ಅಣ್ಣನ ಮಗಳ ಸೀಮಂತ ಇತ್ತಲ್ಲ, ಆಸ್ಪತ್ರೆ ಅಂದ್ರೆ ನಾನು ಓಗಂಗಿಲ್ಲ. ಉಳುಕಿರ್ಬೇಕು, ಟೀಚರಮ್ಮನ್ತಾವ ಓಗಿ ಅಂತ ಕಳ್ಸ್ಬುಟ್ಟು ಬಳೆ ತರಕ್ಕೋದೆ."

ಮೇಷ್ಟ್ರು ಆಸ್ಪತ್ರೆ ಬೇಡ ಅಂದಿರಲೇ ಇಲ್ಲ. ಎಲ್ಲರ ಮುಂದೆ, ನಾನೇ ಹಟ ಮಾಡಿದೆ, ನಾನೇ ಮೊಂಡ ಅಂತ ಕೊನೆಯ ತನಕ ಹೇಳಿಕೊಂಡು ಬಂದವರು.

"ನಿಂಗೆ ತಿಳೀತು ಅಂತ ಟೀಚರಮ್ಮಂಗೆ ಏಳ್ಬ್ಯಾಡ, ಆ ತಾಯಿ ನೊಂದ್ಕತ್ತದೆ, ಅಂಗೇ ಇರ್ಲಿ ಅಂದ್ರು," ಅಂದರು ಅಕ್ಕ. "ನಿಂಗೂ ಅಂಗೇ ಅಂದಿದ್ರಾ?"

ಹೂಂ ಅಂದೆ. ಅಕ್ಕನ ಹೆಗಲು ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು. ನಗುವಾಗ ಪಕ್ಕೆ ಚಳುಕು ಹೊಡೆದು ಅಯ್ಯೋ ಅಂತ ಹಿಡಿದುಕೊಂಡರು. ಕಳ್ಳ, ಇಬ್ರಿಗೂ ಒಂದೇ ಮಾತು ಏಳವ್ನೆ ಅಂದರು. ಆಮೇಲೆ ನಿಜವಾಗಿ ಅತ್ತರು. ನಾನೂ ಅತ್ತೆ. ಮುಂದಿನ ಸೀಟಿನ ಹೆಂಗಸು ಒಂದು ಸಲ ತಿರುಗಿ ನೋಡಿ, ಫಿಲ್ಮಿನ ಕವರು ಕಂಡು, ಏನೋ ಅಂದುಕೊಂಡು ಮುಂದಕ್ಕೆ ತಿರುಗಿದರು.

ಹಗುರವಾಯಿತು ಅಂತ ಬರೆದರೆ ಅದು ನಿಜವಲ್ಲ. ಬೆರಳಿನ ಬಿಸಿ ಅಕ್ಕನ ಮಾತಿನಿಂದ ಆರುವಂಥದ್ದಲ್ಲ, ಅವರ ಬಳೆಯ ಲೆಕ್ಕವೂ ನನ್ನ ಮಾತಿನಿಂದ ಮುಗಿಯುವಂಥದ್ದಲ್ಲ. ಇಷ್ಟು ವರ್ಷ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಬ್ಬರಿಗೊಬ್ಬರು ಹುಳಿ ಸಾರು ಕೊಟ್ಟುಕೊಂಡು, ನಡುವೆ ಅವರನ್ನು ಕೂರಿಸಿಕೊಂಡು ಬದುಕಿದ್ದೆವು. ಎರಡೂ ಕಡೆ ಉಜ್ಜದ ಹಾಗೆ ಅವರು ನೋಡಿಕೊಂಡರು. ಈಗ ಅವರಿಲ್ಲ.

ಅಕ್ಕನನ್ನು ಅವರ ಮನೆಗೆ ಬಿಡಲಿಲ್ಲ, ನಮ್ಮಲ್ಲೇ ಇರಿಸಿಕೊಂಡೆ. ಸಂಜೆ ಮುಲಾಮು ತಿಕ್ಕಿದೆ. ಫಿಲ್ಮು ಸರಿಯಾಗಿ ಬಂದಾಯ್ತಲ್ಲ, ಇನ್ನಾದ್ರೂ ಒಸಿ ತಾಗ್ಸು ಅಂತ ಚಾಪೆಯ ಮೇಲೆ ಬೆನ್ನು ತಿರುಗಿಸಿ ಕೂತುಬಿಟ್ಟರು. ಅದರಲ್ಲಿ ಏನೂ ಇಲ್ಲ ಅಕ್ಕ ಅಂದೆ. ಈ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಇಲ್ದಿದ್ರೆ ಇಲ್ಲ, ತಾಗ್ಸು ಅಂದರು. ಮೊದಲು ಅಂಗೈಯನ್ನು ಬೆನ್ನಿಗಿಟ್ಟು ನೋಡಿದೆ. ಆಮೇಲೆ ಹೆಬ್ಬೆರಳನ್ನು ತಾಗಿಸಿದೆ. ಬೆನ್ನು ತಣ್ಣಗಿತ್ತು. ಬಗ್ಗಿ ಮು‌ಟ್ಟಿ ಕಣ್ಣಿಗೊತ್ತಿಕೊಂಡೆ. ನಾಳೆಯಿಂದ ಯಾರಿಗೂ ಇಲ್ಲ ಅಂತ ಹೇಳಿದೆ. ಬೀದಿಯೋರ್ಗೆ ನಾನೇ ಏಳ್ತೀನಿ ಬುಡು ಅಂದರು ಅಕ್ಕ.

ಊಟಕ್ಕೆ ಮುದ್ದೆ, ಹುರುಳಿಕಾಳು ಸಾರು, ಆಲೂಗೆಡ್ಡೆ ಪಲ್ಯ. ಮನೆಯವರು ಎರಡನೇ ಸಲ ಸಾರು ಬಡಿಸಿಕೊಂಡರು. ಅಕ್ಕ ಅರ್ಧ ಮುದ್ದೆ ಬಿಟ್ಟರು, ಕೊನೆಗೆ ಮಜ್ಜಿಗೆಯಲ್ಲಿ ಅನ್ನ ಕಲಸಿಕೊಂಡು ಉಂಡರು. ಮೊದಲು ನಿದ್ದೆ ಹೋದವರು ಅಕ್ಕ, ನೋವಿರುವ ಪಕ್ಕೆ ಮೇಲೆ ಮಾಡಿಕೊಂಡು. ಆಮೇಲೆ ಮನೆಯವರು. ನಾನು ಇಲ್ಲಿ ಕೂತಿದ್ದೇನೆ. ಅಕ್ಕನ ಉಸಿರು ಉದ್ದುದ್ದವಾಗಿ, ಎಲ್ಲೂ ಕಡಿಯದೆ ಬರುತ್ತಿದೆ.